ಹಲ್ಲಿಲ್ಲದ ನಾಯಿ ಕಚ್ಚಿದ ಇಂಜೆಕ್ಷನ್

ಹೋದ ತಿಂಗಳು ನಮ್ಮ ಸವಿತಾಳ ಮಗಳಿಗೆ ನಾಯಿ ಕಚ್ಚಲಿಲ್ಲ.

ಕಚ್ಚಲಿಲ್ಲ ಎಂದೇ ಬರೆದಿದ್ದೇನೆ, ಅಚ್ಚಿನ ತಪ್ಪಲ್ಲ. ಆದರೆ ಈ ಕಚ್ಚದ ನಾಯಿಯ ದೆಸೆಯಿಂದ ಯಲ್ಲಾಪುರ ತಾಲೂಕಿನ ಒಂದು ಊರಿಗೆ ಊರೇ ಅವರ ಮನೆಗೆ ಬಂದು ಚಹಾ ಕುಡಿದು ಹೋಯಿತು. ಬಂದವರು ಬಿಸ್ಕಿಟ್ ಪೊಟ್ಟಣ ತಂದರು, ಬಾಳೆಹಣ್ಣು ತಂದರು, ಬಾಯಿ ತುಂಬ ಪಥ್ಯ ಹೇಳಿದರು. ಹುಡುಗಿಯ ಅಪ್ಪ ಬೈಕಿಗೆ ಪೆಟ್ರೋಲ್ ತುಂಬಿಸಿ, ಬಾಕಿ ಇಂಜೆಕ್ಷನ್ ಕೊಡಿಸಲು ತಯಾರಾಗಿ ಕುಳಿತ. ನಾಯಿಯನ್ನು ಊರು ಬಿಡಿಸಲು ಜೀಪಿಗೂ ಹೇಳಿಯಾಯಿತು.

ಇಷ್ಟೆಲ್ಲ ಯಾಕಾಯಿತು? ಒಂದು ಹುಡುಗಿಗೆ ಮುಂದೆ ಕ್ಯಾನ್ಸರ್ ಬಾರದಿರಲಿ ಎಂದು ಅವಳ ಅಮ್ಮ ಲಸಿಕೆ ಹಾಕಿಸಿದ್ದಕ್ಕೆ.

ಮೊದಲಿಂದ ಹೇಳುತ್ತೇನೆ.

ಸವಿತಾ ನನ್ನ ಚಿಕ್ಕಮ್ಮನ ಮಗಳು. ಮಾಗೋಡಿನ ದಾರಿಯಲ್ಲಿರುವ ಊರೊಂದಕ್ಕೆ ಅವಳನ್ನು ಕೊಟ್ಟಿದ್ದಾರೆ. ಮಗಳು ಪ್ರಣತಿ ಎಂಟನೇ ಕ್ಲಾಸು. ಮಾತು ಜಾಸ್ತಿ, ಹೆದರಿಕೆ ಕಡಿಮೆ, ಗಣಿತ ಇನ್ನೂ ಕಡಿಮೆ. ಗಂಡ ಗಜಾನನ ಒಳ್ಳೆಯ ಮನುಷ್ಯ. (ಮುಂದೆ ಅವನ ಬಗ್ಗೆ ಬರೆಯುವುದನ್ನೆಲ್ಲ ಓದುವಾಗ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.) ಅತ್ತೆಯ ಹೆಸರು ಭಾಗೀರಥಿ. ಅವರು ಆ ಮನೆಯ ಸುಪ್ರೀಂ ಕೋರ್ಟು.

ಪ್ರಣತಿಯ ಹೈಸ್ಕೂಲಿನಲ್ಲಿ ಒಂದು ದಿನ ಪಾಲಕರ ಸಭೆ ಕರೆದರು. ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸುವ ವಿಷಯ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ತಡೆಯುವ ಲಸಿಕೆ ಇದು, ಚಿಕ್ಕ ವಯಸ್ಸಿನಲ್ಲೇ ಹಾಕಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತಿಳಿಸಿ ಹೇಳಲು ಡಾಕ್ಟರೊಬ್ಬರು ಬಂದಿದ್ದರು. ಹೆಣ್ಣುಮಕ್ಕಳ ಆರೋಗ್ಯದ ಸಭೆಯಲ್ಲವೇ, ಆದ್ದರಿಂದ ಗಂಡಸರು ಮಾತ್ರ ಬಂದಿದ್ದರು. (ಸಭೆಗೆ ಹೋಗುವುದು ಗಂಡಸರ ಕೆಲಸ, ಕಾಯಿಲೆ ಬೀಳುವುದು ಹೆಂಗಸರ ಕೆಲಸ. ಹಂಚಿಕೆ ಸರಿಯಾಗಿಯೇ ಇದೆ.)

ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಅದೇ ಶಾಲೆಯ ಟೀಚರೊಬ್ಬರು. ಡಾಕ್ಟರು "ಗರ್ಭಕಂಠ" ಎಂಬ ಶಬ್ದ ಹೇಳಿದ್ದೇ ತಡ, ಎಲ್ಲ ಅಪ್ಪಂದಿರ ಕುತ್ತಿಗೆಯೂ ಒಟ್ಟಿಗೇ ಮೇಲಕ್ಕೆ ಹೋಯಿತಂತೆ. ಎಲ್ಲರೂ ಫ್ಯಾನ್ ನೋಡತೊಡಗಿದರು. ಕರೆಂಟ್ ಇರಲಿಲ್ಲ, ಫ್ಯಾನ್ ತಿರುಗುತ್ತಿರಲಿಲ್ಲ. ಆದರೂ ನೋಡಿದರು. ಕೊನೆಗೆ ಡಾಕ್ಟರು "ಏನಾದರೂ ಪ್ರಶ್ನೆ ಇದ್ದರೆ ಕೇಳಿ" ಎಂದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದ್ದು ಇದು: "ಸಿದ್ದಾಪುರದ ಬದಿಗೆ ಮಂಗನ ಕಾಯಿಲೆ ಬಂತಡ. ಅದಕ್ಕೆ ಲಸಿಕೆ ಯಾವಾಗ ಬತ್ತು? ಸರ್ಕಾರ ಎಂತ ಮಾಡ್ತಾ ಇದ್ದು?"

ನೋಡಿ, ಎಂಥ ಜಾಗೃತ ಜನ ನಾವು! ಕೈಯಲ್ಲಿ ಇಲ್ಲದ ಲಸಿಕೆಗೆ ಸರ್ಕಾರವನ್ನು ನಿಲ್ಲಿಸಿ ಕೇಳುತ್ತೇವೆ. ಬಾಗಿಲಿಗೆ ಬಂದ ಲಸಿಕೆಯ ಎದುರು ಫ್ಯಾನ್ ನೋಡುತ್ತೇವೆ. ಮಂಗನ ಹೆಸರಿನ ಕಾಯಿಲೆಯನ್ನು ಸಭೆಯಲ್ಲಿ ಧೈರ್ಯವಾಗಿ ಹೇಳಬಹುದು, ಹೆಂಗಸಿನ ಮೈಯ ಹೆಸರಿರುವ ಕಾಯಿಲೆಯನ್ನು ಹೇಳಬಾರದು. ಅಂದು ಮಗಳ ಹೆಸರು ಕೊಟ್ಟವರು ಒಬ್ಬರೇ, ಆ ಟೀಚರು.

ಗಜಾನನ ಮನೆಗೆ ಬಂದ. ಸಭೆಯಲ್ಲಿ ಎಂತ ಹೇಳಿದ್ವು ಎಂದು ಸವಿತಾ ಕೇಳಿದಳು.

"ಎಂತೋ ಹೆಂಗಸ್ರ ಕಾಯಿಲೆ ವಿಷಯ," ಎಂದ ಗಜಾನನ. "ಚಾ ಚೊಲೋ ಇತ್ತು."

ಸವಿತಾ ಬಿಡಲಿಲ್ಲ. ಟೀಚರಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡಳು. ಮಗಳಿಗೆ ಹಾಕಿಸುವುದೇ ಸೈ ಎಂದು ತೀರ್ಮಾನ ಮಾಡಿದಳು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

"ಮದುವೆ ಆಗದ್ದಿದ್ದ ಕೂಸಿಗೆ ಅದೆಲ್ಲ ಎಂತಕ್ಕೆ?" ಎಂದರು ಭಾಗೀರಥಿ ಅತ್ತೆ. "ಯಂಗಳ ಕಾಲದಲ್ಲಿ ಯಾರು ಚುಚ್ಚಿಸ್ಕಂಡಿದ್ದ? ಅದು ಹಾಕ್ಸಿರೆ ಮುಂದೆ ಮಕ್ಕಳಾಗ್ತಿಲ್ಲೆ ಹೇಳಿ ವಾಟ್ಸಾಪಲ್ಲಿ ಬೈಂದು. ನಾಳೆ ಗಂಡಿನ ಕಡೆಯವು ಕೇಳಿರೆ ಎಂತ ಹೇಳದು?"

ವಾಟ್ಸಾಪಿನ ವಿಷಯ ಬಿಡೋಣ. ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸುವವರೇ ಮಧ್ಯಾಹ್ನ ವೈದ್ಯಶಾಸ್ತ್ರವನ್ನೂ ಕಳಿಸುತ್ತಾರೆ. ಮಕ್ಕಳಾಗುವುದಕ್ಕೂ ಈ ಲಸಿಕೆಗೂ ಸಂಬಂಧವಿಲ್ಲ ಎಂದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಆದರೆ ಡಾಕ್ಟರು ಫಾರ್ವರ್ಡ್ ಮಾಡುವುದಿಲ್ಲವಲ್ಲ, ಯಾರು ನಂಬುತ್ತಾರೆ?

ನನಗೆ ನಗು ಬಂದದ್ದು ಗಂಡಿನ ಕಡೆಯವರ ಮಾತಿಗೆ. ಯಾವ ಗಂಡಿನ ಕಡೆಯವರು? ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ತಲೆ ನರೆಯತೊಡಗಿದ ಗಂಡುಗಳು ಹೆಣ್ಣು ಸಿಗದೆ ಘಟ್ಟದ ಮೇಲೆ ಕೆಳಗೆ ಎಲ್ಲ ಕಡೆ ಅಲೆಯುತ್ತಿದ್ದಾರೆ. ಜಾತಕ ಕೂಡಲಿಲ್ಲ ಎಂದು ಹೆಣ್ಣು ಬಿಟ್ಟ ಕಾಲ ಹೋಯಿತು. ಈಗ ಹುಡುಗಿ "ಹೂಂ" ಎಂದರೆ ಆ ಸದ್ದಿಗೇ ಛತ್ರ ಬುಕ್ ಮಾಡಿ ಬರುತ್ತಾರೆ. ಇಂಥವರು ಹುಡುಗಿಯ ತೋಳು ತಿರುಗಿಸಿ, ಎಂಟನೇ ಕ್ಲಾಸಿನಲ್ಲಿ ಯಾವ ಇಂಜೆಕ್ಷನ್ ಕೊಡಿಸಿದ್ದೀರಿ ಎಂದು ಕೇಳುತ್ತಾರೆಯೇ? ಕೇಳಿದರೂ, ನಮ್ಮ ಹುಡುಗಿಗೆ ಒಂದು ಕ್ಯಾನ್ಸರಿನ ಭಯ ಕಡಿಮೆ ಎಂದು ಹೇಳಿದರೆ ಮದುವೆ ಮುರಿಯುತ್ತದೆಯೇ? ಇದನ್ನೆಲ್ಲ ಸವಿತಾಳ ಹತ್ತಿರ ಫೋನಿನಲ್ಲಿ ಹೇಳಿದೆ. "ಇಲ್ಲಿ ಬಂದು ಅತ್ತೆ ಹತ್ರ ಹೇಳು ಅಕ್ಕ," ಎಂದಳು. ಆ ಧೈರ್ಯ ನನಗೂ ಇರಲಿಲ್ಲ.

ಈಗ ಒಂದು ವಿಷಯ ಹೇಳಬೇಕು. ಹೇಳುವಾಗ ನನಗೆ ತಮಾಷೆ ಮಾಡಲು ಆಗುವುದಿಲ್ಲ, ಕ್ಷಮಿಸಿ.

ಭಾಗೀರಥಿ ಅತ್ತೆಗೆ ಒಬ್ಬ ಮಗಳಿದ್ದಳು. ಲತಾ. ಗಜಾನನನ ಅಕ್ಕ. ಶಿರಸಿಯ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು. ಕೆಲವು ವರ್ಷಗಳ ಹಿಂದೆ ಅವಳಿಗೆ ಆಗಬಾರದ ಹೊತ್ತಿನಲ್ಲಿ ಮುಟ್ಟಿನಂತೆ ರಕ್ತ ಹೋಗತೊಡಗಿತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾಗೆಲ್ಲ ಆಗುತ್ತದೆ ಎಂದು ಯಾರೋ ಹೇಳಿದರು. ಕಷಾಯ ಮಾಡಿಕೊಟ್ಟರು. ಅವಳು ಕುಡಿದಳು. ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ನಾನು ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳಡ, ಆಯಿಗೆ ಬೇಜಾರಾಗ್ತು" ಎಂದು ಅಮ್ಮನ ಚಿಂತೆ ಮಾಡಿದಳು. ಸಾಯುವಾಗಲೂ ಅವಳಿಗೆ ನಾಚಿಕೆ.

ಊರಿಗೆ ಹೇಳಿದ್ದು ಹೊಟ್ಟೆನೋವು ಎಂದು. ಅವಳ ಹನ್ನೆರಡನೆಯ ದಿನ ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲ "ಪಾಪ, ಹೊಟ್ಟೆನೋವು ಹೇಳಿ ಇಷ್ಟು ಬೇಗ ಹೋಯ್ತಲಾ" ಎಂದು ಮರುಗುತ್ತ ಪಾಯಸ ಹಾಕಿಸಿಕೊಂಡರು. ನನಗೆ ಆ ದಿನ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸವಿತಾ ಮಗಳ ಲಸಿಕೆಗೆ ಹಟ ಹಿಡಿದದ್ದು ಯಾಕೆಂದು ನಿಮಗೆ ಈಗ ಅರ್ಥವಾಗಿರಬಹುದು. ಕೊನೆಯ ತಿಂಗಳುಗಳಲ್ಲಿ ಲತಾಳ ಬಟ್ಟೆ ಬದಲಿಸಿದವಳು ಅವಳೇ.

ಸರಿ. ಅತ್ತೆ ಒಪ್ಪಲಿಲ್ಲ, ಗಂಡ ಅತ್ತೆಯ ಮುಖ ನೋಡಿದ. ಸವಿತಾ ನನಗೆ ಫೋನ್ ಮಾಡಿ ಪಿಸುಮಾತಿನಲ್ಲಿ, "ಅಕ್ಕ, ಯೂನಿಫಾರ್ಮ್ ಹೊಲಿಸಲೆ ಹೇಳಿ ಶಿರಸಿಗೆ ಬತ್ತೆ. ನೀ ಡಾಕ್ಟರ ಹತ್ರ ಕರ್ಕಂಡು ಹೋಗು" ಎಂದಳು. ಯಲ್ಲಾಪುರ ಹತ್ತಿರವಲ್ಲವೇ ಎಂದೆ. ಯಲ್ಲಾಪುರದಲ್ಲಿ ಎಲ್ಲರಿಗೂ ತನ್ನ ಗುರುತಿದೆ, ಶಿರಸಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಶಿರಸಿಯಲ್ಲಿ ಗೊತ್ತಾಗುವುದಿಲ್ಲವಂತೆ! ಇಲ್ಲಿ ದೇವಿಕೆರೆಯ ಹತ್ತಿರ ಸೀನಿದರೆ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಶೀತಕ್ಕೆ ಮದ್ದು ಹೇಳುತ್ತಾರೆ.

ಅಂತೂ ಬಂದರು. ಹೆಂಗಸರ ಡಾಕ್ಟರ ಹತ್ತಿರ ಹೋದೆವು. ಅವರು ಹಾವೇರಿ ಕಡೆಯವರು, ಬಾಯಿ ತುಂಬ ಮಾತು.

"ಬರ್ರಿ, ಬರ್ರಿ, ಕುಂದರ್ರಿ. ಏನವ್ವಾ, ಹೆದರಿಕಿ ಆತೇನ?" ಎಂದು ಪ್ರಣತಿಯ ಬೆನ್ನು ತಟ್ಟಿದರು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರು. ಸವಿತಾ ಮಗಳ ಕಡೆ ನೋಡಿ, ಬಾಗಿಲ ಕಡೆ ನೋಡಿ, ದನಿ ಇಳಿಸಿ ಲತಾಳ ಹೆಸರು ಹೇಳಿದಳು. ಪ್ರಣತಿ ಕತ್ತೆತ್ತಿದಳು. ಲತತ್ತೆ ಯಾವ ಕಾಯಿಲೆಯಿಂದ ಹೋದಳೆಂದು ಆ ಹುಡುಗಿಗೆ ಗೊತ್ತಾದದ್ದು ಆ ಹೊತ್ತಿಗೆ.

"ಇದು ವಂಶದಿಂದ ಬರೂ ರೋಗ ಅಂತ ಏನಿಲ್ರಿ, ವೈರಸ್‌ನಿಂದ ಬರೂದು. ಯಾರಿಗಾದ್ರೂ ಬರಬಹುದು," ಎಂದರು ಡಾಕ್ಟರು. "ಅದಕ್ಕ ಎಲ್ಲಾ ಹುಡುಗ್ಯಾರಿಗೂ ಹಾಕಸ್ರಿ ಅಂತೀವಿ. ಹುಡುಗ್ರಿಗೂ ಹಾಕಸ್ಬಹುದು. ಮುಂದ ದೊಡ್ಡಾಕಿ ಆದ ಮ್ಯಾಲೆ ಚೆಕಪ್ ಮಾತ್ರ ಬಿಡಬಾರ್ದು, ಲಸಿಕಿ ಹಾಕ್ಸೀವಿ ಅಂತ." ಹೇಳುತ್ತ ಹೇಳುತ್ತ ಚುಚ್ಚಿಯೂ ಆಯಿತು. ಆರು ತಿಂಗಳು ಬಿಟ್ಟು ಇನ್ನೊಂದು ಡೋಸು, ಈಗ ಸ್ವಲ್ಪ ಹೊತ್ತು ಹೊರಗೆ ಕುಳಿತು ಹೋಗಿ ಎಂದರು.

ಹೊರಗೆ ಬೆಂಚಿನ ಮೇಲೆ ಕುಳಿತೆವು. ಸವಿತಾ ನಿಟ್ಟುಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಬಾಗಿಲಲ್ಲಿ ಯಶೋದಕ್ಕ ಕಾಣಿಸಿದರು.

ಯಶೋದಕ್ಕ ಸವಿತಾಳ ಊರಿನವರು. ಒಳ್ಳೆಯ ಹೆಂಗಸು. ಊರಿನ ಆಕಾಶವಾಣಿ. ನಮ್ಮನ್ನು ಕಂಡ ಕೂಡಲೇ, ಕೇಳದಿದ್ದರೂ, "ಆನು ಬಿಪಿ ತೋರಸಲೆ ಬಂದೆ" ಎಂದರು. ಆ ಬೆಂಚಿನ ಮೇಲೆ ಕೂತ ಎಲ್ಲ ಹೆಂಗಸರಿಗೂ ಬಿಪಿಯೇ ಇರುವುದು, ಬೇರೆ ಯಾವ ಕಾಯಿಲೆಯೂ ಇಲ್ಲ.

ಮರುಕ್ಷಣ ಅವರ ಕಣ್ಣು ಪ್ರಣತಿಯ ಮೇಲೆ. "ಎಂತಾತೇ ಕೂಸಿಗೆ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸವಿತಾ ಹೇಳಿಬಿಟ್ಟಳು: "ನಾಯಿ ಕಚ್ಚಿಬಿಡ್ತು ಯಶೋದಕ್ಕ. ಅದಕ್ಕೇ ಇಂಜೆಕ್ಷನ್."

"ಅಯ್ಯೋ ರಾಮಾ! ಯಾರ ಮನೆ ನಾಯಿ?"

"ಮಾದೇವಣ್ಣನ ಮನೆ ಕಾಳು."

ನಾಯಿ ಕಚ್ಚಿದ್ದಕ್ಕೆ ಹೆರಿಗೆ ಡಾಕ್ಟರ ಹತ್ತಿರ ಯಾಕೆ ಬಂದಿರಿ ಎಂದು ಯಶೋದಕ್ಕ ಕೇಳಲಿಲ್ಲ. ಬಿಪಿಗೆ ಇಲ್ಲಿಗ್ಯಾಕೆ ಬಂದಿರಿ ಎಂದು ನಾವೂ ಕೇಳಲಿಲ್ಲ. ಅದು ಆ ಬೆಂಚಿನ ಮರ್ಯಾದೆ.

ಹೊರಗೆ ಬಂದ ಮೇಲೆ ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮಾದೇವಣ್ಣ ಸವಿತಾಳ ಮನೆಯ ಕೆಳಗಡೆ ಇರುವವರು, ಅವರ ಮನೆಗೆ ಕೆಲಸಕ್ಕೂ ಬರುವವರು. ಅವರ ಕಾಳು ಆ ಕೇರಿಯಲ್ಲೇ ಎಲ್ಲಕ್ಕಿಂತ ಮುದಿ ನಾಯಿ. ಒಂದು ಕಾಲು ಎಳೆಯುತ್ತದೆ. ಕಣ್ಣು ಮಂಜು. ಬಾಯಿಯಲ್ಲಿ ಒಂದೇ ಒಂದು ಹಲ್ಲೂ ಇಲ್ಲ, ಮಾದೇವಣ್ಣ ಅದಕ್ಕೆ ಗಂಜಿ ಕಲಸಿ ಹಾಕುತ್ತಾರೆ. ಪ್ರಣತಿ ಶಾಲೆಯಿಂದ ಬಂದವಳು ಮೊದಲು ಮಾತಾಡಿಸುವುದು ಅದನ್ನೇ. ಆ ಊರಿನಲ್ಲಿ ಸಿರಿವಂತರ ಮನೆಯ ಅಲ್ಸೇಶಿಯನ್ನೂ ಒಂದಿದೆ, ನಿಜವಾಗಿ ಕಚ್ಚುವಂಥದ್ದು. ಗಾಬರಿಯಲ್ಲೂ ಸವಿತಾಳ ಬಾಯಿಗೆ ಅದರ ಹೆಸರು ಬರಲಿಲ್ಲ. ನಮ್ಮ ಸುಳ್ಳುಗಳಿಗೆ ಯಾರ ಅಂಗಳಕ್ಕೆ ಹೋಗಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ.

"ಆಯಿ, ಕಾಳು ಎಲ್ಲಿ ಕಚ್ಚಿದ್ದು? ಅದಕ್ಕೆ ಹಲ್ಲೇ ಇಲ್ಲೆ," ಎಂದಳು ಪ್ರಣತಿ.

"ಸುಮ್ನಿರು ಮಾರಾಯ್ತಿ," ಎಂದಳು ಸವಿತಾ. ಮೆಡಿಕಲ್ ಶಾಪಿನಲ್ಲಿ ಬ್ಯಾಂಡೇಜ್ ಬಟ್ಟೆ ಕೊಂಡೆವು. ದೇವಿಕೆರೆಯ ಪಕ್ಕ ನಿಂತು ಹುಡುಗಿಯ ಕಾಲಿಗೆ ನಾನೇ ಸುತ್ತಿದೆ. ಸವಿತಾ ಮನೆಗೆ ಫೋನ್ ಮಾಡಿ, ಬಸ್ಸಿಗೆ ಹೊರಟಾಗ ಕಾಳು ಕಚ್ಚಿತೆಂದೂ, ಹೆದರುತ್ತೀರೆಂದು ಹೇಳಲಿಲ್ಲವೆಂದೂ, ಶಿರಸಿಯಲ್ಲಿ ಇಂಜೆಕ್ಷನ್ ಕೊಡಿಸಿಯಾಯಿತೆಂದೂ ಕತೆ ಹೇಳಿದಳು. ಯಶೋದಕ್ಕನ ಬಸ್ಸಿಗಿಂತ ಸುಳ್ಳು ಮೊದಲು ಊರು ಸೇರಬೇಕಿತ್ತು.

ಸೇರಿತು. ಆಮೇಲೆ ನಡೆದದ್ದನ್ನು ಸವಿತಾ ದಿನಾ ಫೋನಿನಲ್ಲಿ ವರದಿ ಮಾಡುತ್ತಿದ್ದಳು.

ನಮ್ಮ ಕಡೆ ನಾಯಿ ಕಚ್ಚಿದವರನ್ನು ನೋಡಲು ಹೋಗುವುದು ಒಂದು ಕರ್ತವ್ಯ. ಬಂದವರೆಲ್ಲ ಬ್ಯಾಂಡೇಜನ್ನು ಭಕ್ತಿಯಿಂದ ನೋಡಿದರು. ಬದನೆಕಾಯಿ ನಂಜು ಎಂದರು, ಉಪ್ಪಿನಕಾಯಿ ಆಗದು ಎಂದರು, ಹುಳಿ ಮುಟ್ಟಿಸಲೇಬೇಡಿ ಎಂದರು. ಭಾಗೀರಥಿ ಅತ್ತೆ ಎಲ್ಲವನ್ನೂ ಜಾರಿಗೆ ತಂದರು. ಉಪ್ಪಿನಕಾಯಿಯಿಲ್ಲದೆ ಅನ್ನ ಇಳಿಯದ ಹುಡುಗಿ ಸಪ್ಪೆ ಗಂಜಿ ಉಂಡಳು. ಸ್ನಾನ ಮಾಡಿ ಬಂದವಳು ಬ್ಯಾಂಡೇಜನ್ನು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಕಟ್ಟಿಕೊಂಡಳಂತೆ. ಒಬ್ಬರೂ ಗಮನಿಸಲಿಲ್ಲ.

ಸಭೆಯಲ್ಲಿ ಫ್ಯಾನ್ ನೋಡಿ, ಆಮೇಲೆ ಜಗಲಿಯಲ್ಲಿ ಕುಳಿತು ಲಸಿಕೆಯ ಬಗ್ಗೆ ನೂರು ಪ್ರಶ್ನೆ ಕೇಳಿದ ಊರು ಇದು. ಯಾವ ಕಂಪನಿಯದು, ಯಾರು ಕಂಡುಹಿಡಿದದ್ದು, ಮುಂದೆ ಏನಾದರೂ ಆದರೆ ಯಾರು ಜವಾಬ್ದಾರರು? ಹಲ್ಲಿಲ್ಲದ ನಾಯಿ ಹೇಗೆ ಕಚ್ಚಿತು ಎಂದು ಮಾತ್ರ ಯಾರಿಗೂ ಸಂಶಯ ಬರಲಿಲ್ಲ.

ಕೇಳಿದವರು ಮಾದೇವಣ್ಣ ಒಬ್ಬರೇ. "ಹಲ್ಲೇ ಇಲ್ಲ ಮಾರಾಯ್ರೆ, ಬೇಕಾದ್ರೆ ಬಾಯಿ ಬಿಡಿಸಿ ತೋರಸ್ತೆ" ಎಂದರಂತೆ. ಜಗಲಿಯಲ್ಲಿ ಕುಳಿತವರು, "ಒಸಡಿನಲ್ಲೂ ವಿಷ ಇರ್ತು" ಎಂದು ತೀರ್ಪು ಕೊಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಒಂದು ಶನಿವಾರ ಸವಿತಾ ಅಳುತ್ತ ಫೋನ್ ಮಾಡಿದಳು. "ಅಕ್ಕ, ನೀ ಒಂದು ಸಲ ಬಾ. ಇಲ್ಲಿ ಕೈಮೀರಿ ಹೋಯ್ದು. ನಾಯಿ ಕಚ್ಚಿರೆ ಒಂದೇ ಇಂಜೆಕ್ಷನ್ ಸಾಕಾಗ್ತಿಲ್ಲೆ, ಬಾಕಿದೂ ಕೊಡ್ಸವು ಹೇಳಿ ಎಲ್ಲ ಇವರ ತಲೆ ತುಂಬಿದ್ದ. ಸೋಮವಾರ ಯಲ್ಲಾಪುರಕ್ಕೆ ಕರ್ಕಂಡು ಹೋಗ್ತೆ ಹೇಳಿ ಕೂತಿದ್ದ. ಕಾಳೂನ ನಾಳೆ ಜೀಪಲ್ಲಿ ಹಾಕ್ಯಂಡು ಹೋಗಿ ಕಾಡಲ್ಲಿ ಬಿಡ್ತ್ವಡ. ಕೂಸು ಊಟ ಮಾಡ್ತಿಲ್ಲೆ."

ಗಜಾನನನನ್ನು ನೆನೆದು ನನಗೆ ನಿಜವಾಗಿಯೂ ಕರುಣೆ ಬಂತು. ಬೇಕಾದ ಒಂದು ಇಂಜೆಕ್ಷನ್ 'ಹೆಂಗಸ್ರ ವಿಷಯ' ಆಗಿತ್ತು. ಬೇಡದ ನಾಲ್ಕೈದನ್ನು ಕೊಡಿಸಲು ಈಗ ಅವನಿಗೆ ನಿದ್ದೆಯಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲವೆಂದು ಹೇಗೆ ಹೇಳಲಿ?

ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ನಾನು ಅಂಗಳಕ್ಕೆ ಕಾಲಿಡುವಾಗ ಜಗಲಿ ತುಂಬಿತ್ತು. ಯಶೋದಕ್ಕ ಮುಂದಿನ ಸಾಲಿನಲ್ಲೇ ಇದ್ದರು. ಜೀಪು ಬಂದು ನಿಂತಿತ್ತು. ಮಾದೇವಣ್ಣ ಹಗ್ಗ ಹಿಡಿದು ಅಂಗಳದ ತುದಿಯಲ್ಲಿ ನಿಂತಿದ್ದರು. ಹಗ್ಗದ ಇನ್ನೊಂದು ತುದಿಯಲ್ಲಿ ಕಾಳು. ಇಷ್ಟು ಜನ ತನ್ನನ್ನು ನೋಡಲು ಬಂದಿದ್ದಾರೆಂಬ ಸಂತೋಷದಲ್ಲಿ ಬಾಲ ಅಲ್ಲಾಡಿಸುತ್ತಿತ್ತು.

"ದೂರ ಬಿಡ್ಬೇಡಿ ಹೆಗಡೇರೆ," ಎಂದರು ಮಾದೇವಣ್ಣ ಗಜಾನನನಿಗೆ. "ಅದಕ್ಕೆ ಗಂಜಿ ಬಿಟ್ರೆ ಬೇರೆಂತದೂ ತಿನ್ನೂಕೆ ಆಗೂದಿಲ್ಲ. ಅಲ್ಲಿ ಸತ್ತೇ ಹೋಗ್ತದೆ."

"ಎಂತ ಮಾಡದು ಮಾದೇವ, ಮಕ್ಕಳಿಪ್ಪ ಊರು," ಎಂದ ಗಜಾನನ, ನೆಲ ನೋಡುತ್ತ.

ಸವಿತಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ವಾರ ವಾರ ಈ ಅಂಕಣದಲ್ಲಿ ಜಗತ್ತಿಗೆ ಬುದ್ಧಿ ಹೇಳುವ ನನಗೆ ಆ ಜಗಲಿಯ ಎದುರು ಒಂದು ಮಾತು ಹೊರಡಲಿಲ್ಲ. ಸುಳ್ಳೆಂದು ಒಪ್ಪಿದರೆ ನಿಜ ಹೇಳಬೇಕು. ನಿಜ ಹೇಳಿದರೆ ಎರಡನೇ ಡೋಸು ಇಲ್ಲ, ಸವಿತಾಳಿಗೆ ಮನೆಯಲ್ಲಿ ಮುಖವಿಲ್ಲ. ಜೀಪಿನವನು ಹಿಂದಿನ ಬಾಗಿಲು ತೆಗೆದ.

ಪ್ರಣತಿ ಒಳಗಿಂದ ಬಂದಳು. ಅಂಗಳಕ್ಕಿಳಿದು, ಎಲ್ಲರೆದುರು ಬ್ಯಾಂಡೇಜ್ ಬಿಚ್ಚಿ ಬಿಸಾಡಿದಳು. ಕಾಲಿನ ಮೇಲೆ ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ.

"ಕಾಳು ಕಚ್ಚಿದ್ದಿಲ್ಲೆ," ಎಂದಳು. "ಯಂಗೆ ಶಿರಸಿಯಲ್ಲಿ ಕೊಟ್ಟಿದ್ದು ಕ್ಯಾನ್ಸರ್ ಬರದ್ದಂಗೆ ಕೊಡೋ ಇಂಜೆಕ್ಷನ್ನು. ಲತತ್ತೆಗೆ ಬಂದಿತ್ತಲಾ, ಆ ಕ್ಯಾನ್ಸರ್. ಲತತ್ತೆ ಹೊಟ್ಟೆನೋವಿಗೆ ಸತ್ತಿದ್ದಲ್ಲ."

ಗಜಾನನ ತಾಯಿಯ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಭಾಗೀರಥಿ ಅತ್ತೆ ಕಂಬಕ್ಕೆ ಒರಗಿ ಕುಳಿತಿದ್ದರು. ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿದ ಜಾಗಕ್ಕೇ ಮತ್ತೆ ಹಚ್ಚಿದರು.

ಬಯ್ಯುತ್ತಾರೆ ಎಂದುಕೊಂಡೆ. ಸವಿತಾ ಸೆರಗು ಬಿಗಿ ಹಿಡಿದಿದ್ದಳು.

"ನಾಯಿ ಬಿಡು ಮಾದೇವ," ಎಂದರು ಭಾಗೀರಥಿ ಅತ್ತೆ. "ಅದರದ್ದು ಎಂತದೂ ತಪ್ಪಿಲ್ಲೆ."

ಮಾದೇವಣ್ಣ ಹಗ್ಗ ಬಿಚ್ಚಿದರು. ಕಾಳು ಎಲ್ಲಿಗೂ ಓಡಲಿಲ್ಲ, ಅಲ್ಲೇ ಬಿಸಿಲಿನಲ್ಲಿ ಮಲಗಿತು. ಜಗಲಿ ಮಾತ್ರ ಬೇಗ ಬೇಗ ಖಾಲಿಯಾಯಿತು. ಒಬ್ಬರಿಗೆ ಗೋಬರ್ ಗ್ಯಾಸಿನ ಕೆಲಸ ನೆನಪಾಯಿತು, ಒಬ್ಬರಿಗೆ ಬಸ್ಸಿಗೆ ಹೊತ್ತಾಯಿತು. ಬಿಸ್ಕಿಟ್ ಪೊಟ್ಟಣ ತಂದಿದ್ದ ಒಬ್ಬರು ಅದನ್ನು ಕೊಡಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ವಾಪಸ್ ತೆಗೆದುಕೊಂಡು ಹೋದರು. ಕಚ್ಚದ ನಾಯಿಯನ್ನು ನೋಡಲು ಅಷ್ಟು ಜನ ಬಂದರಲ್ಲ, ಲತಾ ಮಲಗಿದ್ದಾಗ ಅವಳ ಹತ್ತಿರ ಕುಳಿತು, ನಿನಗೆ ನಿಜವಾಗಿ ಏನಾಗಿದೆ ಎಂದು ಕೇಳಿದವರು ಎಷ್ಟು ಜನ ಎಂದು ನಾನು ಯೋಚಿಸುತ್ತಿದ್ದೆ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ, ನಾವು ಹಾಗೆ ಬೆಳೆಸಿದ್ದೇವೆ.

ಮಧ್ಯಾಹ್ನ ಊಟಕ್ಕೆ ಕುಳಿತೆವು. ಗಜಾನನ ಬಾಳೆಲೆಯಿಂದ ತಲೆ ಎತ್ತಲಿಲ್ಲ. ಭಾಗೀರಥಿ ಅತ್ತೆ ಎದ್ದು ಹೋಗಿ ಭರಣಿಯಿಂದ ಮಿಡಿ ಉಪ್ಪಿನಕಾಯಿ ತಂದು ಪ್ರಣತಿಯ ಬಾಳೆಲೆಯ ಮೇಲೆ ಹಾಕಿದರು. ಒಂದು ಹಾಕಿ, ಮತ್ತೊಂದು ಹಾಕಿದರು. ಹುಡುಗಿ ಅಜ್ಜಿಯ ಮುಖ ನೋಡುತ್ತ ಮಿಡಿ ಕಚ್ಚಿದಳು.

"ಲತಂಗೆ ಆವಾಗ ಇದೆಲ್ಲ ಇತ್ತನೇ?" ಎಂದು ಅತ್ತೆ ನನ್ನನ್ನು ಕೇಳಿದರು.

ನಾವು ಹುಡುಗಿಯರಾಗಿದ್ದಾಗ ಈ ಲಸಿಕೆ ಇರಲಿಲ್ಲ ಎಂದೆ. ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಬೇಗ ಡಾಕ್ಟರಿಗೆ ತೋರಿಸಿದ್ದರೆ ಬದುಕುತ್ತಿದ್ದಳೇನೋ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂತು. ಹೇಳಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ನಾನು ಹೊರಡುವಾಗ ಮೆಟ್ಟಿಲವರೆಗೆ ಬಂದರು. "ಮುಂದಿನ ಸಲ ಹೋಪಕಾದ್ರೆ ಹೇಳು, ಆನೂ ಬತ್ತೆ," ಎಂದರು. ಅವರ ಹಿಂದೆ ನಿಂತಿದ್ದ ಸವಿತಾ ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ?

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಕತೆಯಾಗುತ್ತಿತ್ತು. ಸತ್ಯ ಗೆದ್ದಿತು, ಊರು ಬದಲಾಯಿತು, ಎಲ್ಲರೂ ಸಾಲಾಗಿ ನಿಂತು ಲಸಿಕೆ ಹಾಕಿಸಿಕೊಂಡರು ಎಂದು ಬರೆದು ನಾನು ಚಹಾ ಕುಡಿಯಲು ಹೋಗಬಹುದಿತ್ತು. ಆದರೆ ನಾನಿರುವುದು ಶಿರಸಿಯಲ್ಲಿ.

ಮೊನ್ನೆ ಒಂದು ಫೋನು. ಯಶೋದಕ್ಕ. ಮಳೆಯ ವಿಷಯ ಮಾತಾಡಿದರು. ಗ್ಯಾಸ್ ಸಿಲಿಂಡರಿನ ವಿಷಯ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

"ಅಲ್ದೇ, ಆ ಕೂಸಿಗೆ ನಾಯಿ ಕಚ್ಚಿದ್ದಕ್ಕೆ ಕೊಡಿಸಿದ್ದಿ ಅಲಾ, ಆ ಇಂಜೆಕ್ಷನ್ನು... ಯಂಗಳ ಮನೆ ಮೊಮ್ಮಗಳಿಗೂ ಕೊಡಿಸಲಕ್ಕಾ?"

"ಕೊಡಿಸಲಕ್ಕು ಯಶೋದಕ್ಕ. ಅದು ನಾಯಿ ಕಚ್ಚಿದ್ದಕ್ಕಲ್ಲ, ನಿಂಗೊಕ್ಕೆ ಗೊತ್ತಿದ್ದಲಾ."

"ಗೊತ್ತಿದ್ದೇ ಮಾರಾಯ್ತಿ. ಆದರೆ ಮನೆಯಲ್ಲಿ ನಾಯಿ ಕಚ್ಚಿತ್ತು ಹೇಳ್ತೆ. ಅದೇ ಚೊಲೋ. ನೀ ಯಾರಿಗೂ ಹೇಳಡ." ಸ್ವಲ್ಪ ತಡೆದು, "ಮತ್ತೆ... ಯಂಗೂ ಒಂದ್ಸಲ ಆ ಡಾಕ್ಟರ ಹತ್ರ ಸರಿಯಾಗಿ ತೋರ್ಸಕಾಗಿತ್ತು. ಬಿಪಿ ಅಲ್ಲ" ಎಂದರು.

ಆಯಿತು, ನಾಳೆಯೇ ಬನ್ನಿ ಎಂದೆ. ಯಶೋದಕ್ಕನ ಆ ಕೊನೆಯ ಎರಡು ಶಬ್ದಕ್ಕೆ ನಾನು ಅವರ ಎಲ್ಲ ಪ್ರಸಾರವನ್ನೂ ಕ್ಷಮಿಸಿದ್ದೇನೆ.

ಆಮೇಲೆ ಇನ್ನಷ್ಟು ಫೋನುಗಳು. ಅದೇ ಊರಿನ ಇನ್ನಿಬ್ಬರು ತಾಯಂದಿರು. ಭೈರುಂಬೆಯ ಕಡೆಯ ಒಬ್ಬಳು ಹಳೆಯ ಗೆಳತಿ. ನಿನ್ನೆ ಸಿದ್ದಾಪುರದಿಂದ ಒಬ್ಬರು, ನನಗೆ ಗುರುತೇ ಇಲ್ಲದವರು: "ಅಕ್ಕೋರೆ, ಆ ನಾಯಿ ಇಂಜೆಕ್ಷನ್ ಯಾರ ಹತ್ರ ಹಾಕಸ್ಬೇಕು?" ಎಲ್ಲರಿಗೂ ಮಗಳು ಬೇಕು, ಲಸಿಕೆ ಬೇಕು, ಹೆಸರು ಬೇಡ. ಎಲ್ಲರ ಮನೆಯಲ್ಲೂ ಒಂದು ನಾಯಿ ಕಚ್ಚಲಿದೆ. ಕಾಲೆಳೆದುಕೊಂಡು ಅಂಗಳ ದಾಟಲಾರದ ಮಾದೇವಣ್ಣನ ಕಾಳು ಈಗ ಮೂರು ತಾಲೂಕು ಸುತ್ತಿ ಕಚ್ಚುತ್ತಿದೆ.

ನಾನು ಎಲ್ಲರಿಗೂ ಡಾಕ್ಟರ ವಿಳಾಸ ಕೊಟ್ಟಿದ್ದೇನೆ. ಹುಡುಗಿಯರಿಗೆ ಲಸಿಕೆ ಸಿಕ್ಕರೆ ಸಾಕು, ನಾಯಿಯ ಹೆಸರಿನಲ್ಲಾದರೂ ಸಿಗಲಿ. ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ.

ನಮ್ಮ ಬಾಯಿಂದ ಆ ರೋಗದ ಹೆಸರು ಹೊರಡಬೇಕಾದರೆ, ಪಾಪ, ಹಲ್ಲಿಲ್ಲದ ಆ ನಾಯಿ ಇನ್ನೂ ಎಷ್ಟು ಹೆಣ್ಣುಮಕ್ಕಳನ್ನು ಕಚ್ಚಬೇಕು?